ಬಿಎಸ್ಸಿ ಮುಗೀತು, ಮುಂದೇನು? ಹಾಸನದಿಂದ ಕೆಮಿಕಲ್, ಫಾರ್ಮಾ, ಬಯೋ ಕಂಪನಿಗೆ ಸೇರುವ ದಾರಿ

ಪ್ರತಿ ವರ್ಷ ರಿಸಲ್ಟ್ ಬಂದ ವಾರದಲ್ಲಿ ನನಗೆ ಒಂದೇ ತರದ ಫೋನ್‌ಗಳು ಬರುತ್ತವೆ. "ಅಣ್ಣ, ಬಿಎಸ್ಸಿ ಮುಗೀತು, ಕೆಮಿಸ್ಟ್ರಿ ಇತ್ತು, ಬಿಎಡ್ ಮಾಡ್ಲಾ, ಇಲ್ಲ ಬೆಂಗಳೂರಿಗೆ ಹೋಗಿ ಕಂಪ್ಯೂಟರ್ ಕೋರ್ಸ್ ಸೇರ್ಕೊಳ್ಲಾ?" ಹೋದ ಸಲ ಅರಕಲಗೂಡಿನ ಒಬ್ಬ ಹುಡುಗಿ ಕೇಳಿದಳು. ಅವಳು ಮೂರು ವರ್ಷ ಟೈಟ್ರೇಷನ್ ಮಾಡಿದ್ದಳು. ಅದಕ್ಕೂ ಸಂಬಳ ಕೊಡುವವರು ಇದ್ದಾರೆ ಅನ್ನೋದೇ ಅವಳಿಗೆ ಗೊತ್ತಿರಲಿಲ್ಲ.

ನಾನೂ ಹಾಸನದಲ್ಲೇ ಬಿಎಸ್ಸಿ ಮಾಡಿದವನು. ಒಂದು ಔಷಧ ಕಾರ್ಖಾನೆಯ ಕ್ಯೂಸಿ ಲ್ಯಾಬ್‌ಗೆ ಟ್ರೇನಿಯಾಗಿ ಸೇರಿ ಈ ದಾರಿಗೆ ಬಂದೆ. ಫೋನಿನಲ್ಲಿ ಹೇಳಿದ್ದನ್ನೇ ಹೇಳಿ ಸಾಕಾಗಿದೆ, ಅದಕ್ಕೆ ಇಲ್ಲಿ ಎಲ್ಲಾ ಒಟ್ಟಿಗೆ ಬರೆಯುತ್ತಿದ್ದೇನೆ. ಎಸ್ಸೆಸ್ಸೆಲ್ಸಿ, ಪಿಯುಸಿಯಲ್ಲಿ ಇರುವವರಿಗೂ ಇದರಲ್ಲಿ ವಿಷಯ ಇದೆ, ಬಿಎಸ್ಸಿ ಮುಗಿಸಿದವರಿಗೆ ಜಾಸ್ತಿ ಇದೆ.

ಹಂತ 1: ಕೋರ್ಸ್ ಬಿಡಿ, ಮೊದಲು ಕಾರ್ಖಾನೆ ಒಳಗೆ ಏನಿದೆ ನೋಡಿ

ನಮ್ಮಲ್ಲಿ ಎಲ್ಲರೂ ಮೊದಲು ಕೋರ್ಸ್ ಆರಿಸಿಕೊಳ್ಳುತ್ತಾರೆ, ಆಮೇಲೆ ಕೆಲಸ ಹುಡುಕುತ್ತಾರೆ. ಇದು ತಿರುಗಾಮುರುಗ. ಯಾವ ವಿಭಾಗದಲ್ಲಿ ಕೂರಬೇಕು ಅಂತ ಮೊದಲು ನೋಡಿ, ಆಮೇಲೆ ಅದಕ್ಕೆ ಯಾವ ಓದು ಬೇಕು ಅಂತ ನೋಡಿ.

ಒಂದು ಔಷಧ ಕಾರ್ಖಾನೆಯನ್ನೇ ತೆಗೆದುಕೊಳ್ಳಿ. ಪ್ರೊಡಕ್ಷನ್‌ನಲ್ಲಿ ರಿಯಾಕ್ಟರ್, ಸೆಂಟ್ರಿಫ್ಯೂಜ್, ಡ್ರೈಯರ್ ನಡೆಸುತ್ತಾರೆ. ಶಿಫ್ಟ್ ಕೆಲಸ, ಮೈಕೈ ದಣಿಯುತ್ತದೆ, ಆದರೆ ಕೆಲಸ ಬೇಗ ಸಿಗುತ್ತದೆ, ಕಲಿಯೋದೂ ಬಹಳ ಇರುತ್ತದೆ. ಕ್ಯೂಸಿ ಅಂದರೆ ಗುಣಮಟ್ಟ ಪರೀಕ್ಷೆಯ ಲ್ಯಾಬ್. ಬಂದ ಕಚ್ಚಾ ಮಾಲು, ಅರ್ಧ ಆದ ಮಾಲು, ಪೂರ್ತಿ ಆದ ಮಾಲು ಎಲ್ಲವನ್ನೂ ಟೆಸ್ಟ್ ಮಾಡುವ ಜಾಗ. ಬಿಎಸ್ಸಿ, ಎಂಎಸ್ಸಿ ಕೆಮಿಸ್ಟ್ರಿಯವರು ಜಾಸ್ತಿ ಇಲ್ಲೇ ಸೇರುವುದು. ಕ್ಯೂಎ ಅವರು ಟೆಸ್ಟ್ ಮಾಡುವುದಿಲ್ಲ, ಎಲ್ಲರೂ ನಿಯಮದ ಪ್ರಕಾರ ಮಾಡಿದ್ದಾರಾ ಅಂತ ಕಾಗದ ನೋಡುತ್ತಾರೆ. ಬಿ.ಫಾರ್ಮ್ ಮಾಡಿದವರಿಗೆ ಇಲ್ಲಿ ಒಳ್ಳೆ ಜಾಗ. ಮೈಕ್ರೋಬಯಾಲಜಿ ಲ್ಯಾಬ್ ಬೇರೆ ಇರುತ್ತದೆ. ಇವೆಲ್ಲದರ ಜೊತೆ ಆರ್ ಅಂಡ್ ಡಿ, ಸ್ಟೋರ್ಸ್, ಬಾಯ್ಲರ್ ಚಿಲ್ಲರ್ ನೋಡಿಕೊಳ್ಳುವ ಯುಟಿಲಿಟಿ, ಸುರಕ್ಷತೆ ಮತ್ತು ಪರಿಸರ ನೋಡುವ ಇಎಚ್‌ಎಸ್. ಕೊಳಚೆ ನೀರು ಶುದ್ಧ ಮಾಡುವ ಇಟಿಪಿ ಘಟಕದಲ್ಲಿ ಕೆಲಸ ಮಾಡೋಕೆ ಹುಡುಗರು ಮೂಗು ಮುರಿಯುತ್ತಾರೆ, ಆದರೆ ಆ ಘಟಕ ಒಂದು ದಿನ ನಿಂತರೆ ಕಾರ್ಖಾನೆಯೇ ನಿಲ್ಲಬೇಕಾಗುತ್ತದೆ. ಆ ಕೆಲಸ ಗೊತ್ತಿರುವವರನ್ನು ಯಾರೂ ಸುಮ್ನೆ ಬಿಡುವುದಿಲ್ಲ.

ಔಷಧದಲ್ಲೂ ಎರಡು ಜಾತಿ. ಔಷಧದ ಮೂಲ ಪುಡಿ ತಯಾರಿಸುವುದು ಬಲ್ಕ್ ಡ್ರಗ್ ಅಥವಾ ಎಪಿಐ ಕಾರ್ಖಾನೆ, ಆ ಪುಡಿಯಿಂದ ಮಾತ್ರೆ, ಕ್ಯಾಪ್ಸೂಲ್, ಇಂಜೆಕ್ಷನ್ ಮಾಡುವುದು ಫಾರ್ಮ್ಯುಲೇಷನ್ ಕಾರ್ಖಾನೆ. ಮೊದಲನೆಯದರಲ್ಲಿ ಸಾಲ್ವೆಂಟ್ ವಾಸನೆ, ದೊಡ್ಡ ರಿಯಾಕ್ಟರ್, ಕೆಮಿಸ್ಟ್ರಿ ಓದಿದವರಿಗೆ ನಿಜವಾದ ಕೆಲಸ. ಎರಡನೆಯದರಲ್ಲಿ ಸ್ವಚ್ಛತೆ, ಗೌನು, ಏರ್ ಲಾಕ್. ಯಾವುದು ನಿಮಗೆ ಸರಿ ಅಂತ ಸೇರುವ ಮೊದಲೇ ಯೋಚಿಸಿ, ಯಾಕಂದ್ರೆ ಎರಡು ಮೂರು ವರ್ಷ ಆದಮೇಲೆ ಒಂದರಿಂದ ಇನ್ನೊಂದಕ್ಕೆ ಹಾರೋದು ಅಷ್ಟು ಸುಲಭ ಅಲ್ಲ.

ಬಯೋ ಅಂದರೆ ಸೂಕ್ಷ್ಮಜೀವಿ ಅಥವಾ ಜೀವಕೋಶಗಳನ್ನು ಬೆಳೆಸಿ ಅದರಿಂದ ಮಾಲು ತೆಗೆಯುವ ಕೆಲಸ: ಇನ್ಸುಲಿನ್, ಲಸಿಕೆ, ಎಂಜೈಮ್. ಬೆಂಗಳೂರಿನ ಬಯೋಕಾನ್ 1978ರಲ್ಲಿ ಶುರುವಾಗಿದ್ದೇ ಎಂಜೈಮ್‌ನಿಂದ. ಪಪ್ಪಾಯಿಯಿಂದ ತೆಗೆಯುವ ಪಪೈನ್ ಎಂಬ ಎಂಜೈಮ್ ಅವರ ಮೊದಲ ಮಾಲುಗಳಲ್ಲಿ ಒಂದು.

ಹಂತ 2: ಎಲ್ಲಿ ಹೋಗಬೇಕು, ಮ್ಯಾಪ್ ತೆಗೆಯಿರಿ

ಹತ್ತಿರದಿಂದ ಶುರು ಮಾಡೋಣ. ಹಾಸನದಲ್ಲೇ ಕೆಐಎಡಿಬಿ ಇಂಡಸ್ಟ್ರಿಯಲ್ ಏರಿಯಾ ಇದೆ, ಫಾರ್ಮಾಗೆ ಅಂತಲೇ ಎಸ್‌ಇಝಡ್, ಅಂದರೆ ವಿಶೇಷ ಆರ್ಥಿಕ ವಲಯ ಇದೆ. ಒಂದು ಬೆಳಗ್ಗೆ ಬೈಕ್ ತೆಗೆದುಕೊಂಡು ಒಂದು ಸುತ್ತು ಹಾಕಿ, ಗೇಟ್ ಮೇಲಿನ ಬೋರ್ಡ್‌ಗಳನ್ನು ಬರೆದುಕೊಳ್ಳಿ. ತಮಾಷೆಗೆ ಹೇಳುತ್ತಿಲ್ಲ. ಇಲ್ಲೇ ಹುಟ್ಟಿ ಬೆಳೆದ ಎಷ್ಟೋ ಜನಕ್ಕೆ ಆ ಗೇಟ್‌ಗಳ ಹಿಂದೆ ಏನು ತಯಾರಾಗುತ್ತದೆ ಅಂತ ಗೊತ್ತಿಲ್ಲ.

ಆಮೇಲೆ ಮೈಸೂರು ಕಡೆ ನಂಜನಗೂಡು. ಬಲ್ಕ್ ಡ್ರಗ್ ಇದೆ, ಇನ್‌ಸ್ಟಂಟ್ ಕಾಫಿಯ ದೊಡ್ಡ ಕಾರ್ಖಾನೆಯೂ ಇದೆ. ಬೆಂಗಳೂರಿನಲ್ಲಿ ಬೊಮ್ಮಸಂದ್ರ, ಜಿಗಣಿ ಬಯೋ ಮತ್ತು ಸಂಶೋಧನಾ ಕಂಪನಿಗಳ ಅಡ್ಡೆ. ಪೀಣ್ಯ ನಮಗೆ ದಾರಿಯಲ್ಲೇ ಸಿಗುತ್ತದೆ, ದಾಬಸ್‌ಪೇಟೆ ತುಮಕೂರು ರಸ್ತೆ ಕಡೆ. 2017ರಲ್ಲಿ ಹಾಸನ–ಬೆಂಗಳೂರು ರೈಲು ಮಾರ್ಗ ಶುರುವಾದಮೇಲೆ ಇಂಟರ್‌ವ್ಯೂಗೆ ಹೋಗಿ ಅದೇ ದಿನ ವಾಪಸ್ ಬರೋದು ಸಲೀಸಾಗಿದೆ. ಘಟ್ಟ ಇಳಿದರೆ ಮಂಗಳೂರು: ಎಂಆರ್‌ಪಿಎಲ್ ರಿಫೈನರಿ, ಬಾಳದಲ್ಲಿ ಬಿಎಎಸ್‌ಎಫ್, ಪಣಂಬೂರಿನಲ್ಲಿ ಗೊಬ್ಬರದ ಕಾರ್ಖಾನೆ. ಅಂದಹಾಗೆ ಹಾಸನದಲ್ಲಿ ಎಂಸಿಎಫ್ ಅಂದರೆ ಉಪಗ್ರಹ ನೋಡಿಕೊಳ್ಳುವ ಇಸ್ರೋ ಕೇಂದ್ರ, ಮಂಗಳೂರಿನಲ್ಲಿ ಎಂಸಿಎಫ್ ಅಂದರೆ ಯೂರಿಯಾ. ಕೆಲಸದ ಜಾಹೀರಾತಿನಲ್ಲಿ ಆ ಮೂರಕ್ಷರ ನೋಡಿ ಮನೆಯವರು ಖುಷಿಪಡುವ ಮೊದಲು ಯಾವುದು ಅಂತ ನೋಡಿಕೊಳ್ಳಿ.

ಹಾಸನ, ಚಿಕ್ಕಮಗಳೂರು, ಈ ಎರಡು ಜಿಲ್ಲೆಯ ಹುಡುಗರು ಮರೆಯುವ ಇನ್ನೊಂದು ಜಾಗ ಅಂದರೆ ನಮ್ಮ ಮನೆ ಬಾಗಿಲಲ್ಲೇ ಇರುವ ಜೀವವಿಜ್ಞಾನ. ಕಾಫಿ ಸಂಶೋಧನೆ ಬಾಳೆಹೊನ್ನೂರಿನಲ್ಲಿ 1925ರಿಂದ ನಡೆಯುತ್ತಿದೆ. ಕಾಫಿ ಬೋರ್ಡ್ ಕಾಫಿ ಗುಣಮಟ್ಟ ನಿರ್ವಹಣೆ ಅಂತ ಒಂದು ವರ್ಷದ ಸ್ನಾತಕೋತ್ತರ ಡಿಪ್ಲೊಮಾ ನಡೆಸುತ್ತದೆ, ಅದರ ಮೊದಲ ಭಾಗ ಬಾಳೆಹೊನ್ನೂರಿನಲ್ಲೇ. ಕಪ್ ರುಚಿ ನೋಡಿ ಗ್ರೇಡ್ ಹೇಳುವುದೂ ಒಂದು ಉದ್ಯೋಗ, ಮೂಗು ನಾಲಿಗೆ ಚುರುಕಾಗಿರಬೇಕು. ಸಕಲೇಶಪುರದ ದೋಣಿಗಾಲ್‌ನಲ್ಲಿ ಏಲಕ್ಕಿ ಸಂಶೋಧನಾ ಕೇಂದ್ರ ಇದೆ. ಹಾಲಿನ ಡೈರಿಯ ಲ್ಯಾಬ್ ಇದೆ. ಊರ ಡೈರಿಯಲ್ಲಿ ಬೆಳಗ್ಗೆ ಫ್ಯಾಟ್ ನೋಡ್ತಾರಲ್ಲ, ಅದರ ದೊಡ್ಡಣ್ಣನ ಕೆಲಸ ಅಲ್ಲಿ ನಡೆಯುತ್ತದೆ: ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ), ಕಲಬೆರಕೆ, ಬ್ಯಾಕ್ಟೀರಿಯಾ. ಚನ್ನರಾಯಪಟ್ಟಣ ಕಡೆ ಸಕ್ಕರೆ ಕಾರ್ಖಾನೆ ಇದೆ. ಆಲೂಗಡ್ಡೆ ಅಂದರೆ ಹಾಸನ, ಆಲೂಗಡ್ಡೆಯ ಶನಿ ಅಂದರೆ ಅಂಗಮಾರಿ ರೋಗ. ರೋಗ ಇಲ್ಲದ ಬಿತ್ತನೆ ಬೇಕು ಅಂತ ಅಂಗಾಂಶ ಕೃಷಿಯ ಗಿಡದಿಂದ ಕುಡಿ ತೆಗೆದು ಬೇರು ಬರಿಸಿದ ಸಸಿಗಳನ್ನು ಇಲ್ಲಿನ ರೈತರು ನೆಡುತ್ತಿದ್ದಾರೆ. ಅಂಥ ಸಸಿ ಬೆಳೆಸುವ ಲ್ಯಾಬ್, ನೆಟ್ ಹೌಸ್‌ನಲ್ಲಿ ಬಾಟನಿ ಓದಿದವರಿಗೆ ಕೆಲಸ ಇದೆ. ಸಂಬಳ ಬೆಂಗಳೂರಿನಷ್ಟು ಇರುವುದಿಲ್ಲ, ಆದರೆ ಬಾಡಿಗೆ, ಮೆಸ್ಸು, ಬಸ್ಸು ಕಳೆದು ಲೆಕ್ಕ ಹಾಕಿ ನೋಡಿ.

ಹಂತ 3: ನೀವು ಈಗ ಎಲ್ಲಿದ್ದೀರಿ?

ಎಸ್ಸೆಸ್ಸೆಲ್ಸಿ ಮುಗಿಸಿದವರು. ಬೇಗ ದುಡಿಯಬೇಕು ಅಂದರೆ ಐಟಿಐನಲ್ಲಿ ಕೆಮಿಕಲ್ ಪ್ಲಾಂಟ್‌ನ ಅಟೆಂಡೆಂಟ್ ಆಪರೇಟರ್ ಅಂತ ಎರಡು ವರ್ಷದ ಟ್ರೇಡ್ ಇದೆ. ಎಲ್ಲರೂ ಫಿಟ್ಟರ್, ಎಲೆಕ್ಟ್ರಿಷಿಯನ್ ಅಂತಲೇ ಓಡುತ್ತಾರೆ, ಇದನ್ನು ಕೇಳುವವರೇ ಕಡಿಮೆ. ಎಲ್ಲಾ ಐಟಿಐನಲ್ಲೂ ಸಿಗುವುದಿಲ್ಲ, ವಿಚಾರಿಸಬೇಕು. ಪ್ಲಾಸ್ಟಿಕ್ ಕಡೆ ಒಲವಿದ್ದರೆ ಮೈಸೂರಿನ ಸಿಪೆಟ್‌ನಲ್ಲಿ ಮೂರು ವರ್ಷದ ಡಿಪ್ಲೊಮಾ ಇದೆ, ಅದಕ್ಕೆ ಅವರದೇ ಪ್ರವೇಶ ಪರೀಕ್ಷೆ. ಡಿಪ್ಲೊಮಾ ಮಾಡಿದವರು ಮುಂದೆ ಡಿಸಿಇಟಿ ಬರೆದು ನೇರ ಬಿಇ ಎರಡನೇ ವರ್ಷಕ್ಕೆ ಹೋಗಬಹುದು.

ಪಿಯುಸಿ ಸೈನ್ಸ್‌ನವರು. ಇಲ್ಲಿ ಒಂದು ತಪ್ಪು ಪದೇ ಪದೇ ನೋಡುತ್ತೇನೆ. "ಗಣಿತ ಆಗಲ್ಲ, ಬಯಾಲಜಿ ಇಷ್ಟ, ಬಿಇ ಬಯೋಟೆಕ್ನಾಲಜಿ ಮಾಡ್ತೀನಿ" ಅಂತಾರೆ. ಸಿಇಟಿಯಲ್ಲಿ ಬಿಇ ಸೀಟಿಗೆ, ಅದು ಬಯೋಟೆಕ್ನಾಲಜಿಯೇ ಆಗಲಿ, ಪಿಯುಸಿಯಲ್ಲಿ ಗಣಿತ ಇರಬೇಕು. ಹಾಗಾಗಿ ಬಯೋಟೆಕ್ ಕನಸಿದ್ದರೆ ಪಿಸಿಎಂಬಿ ತೆಗೆದುಕೊಳ್ಳಿ. ಗಣಿತವೇ ಬೇಡ ಅಂದರೆ ಬಿ.ಫಾರ್ಮ್ ಒಳ್ಳೆ ದಾರಿ, ಪಿಸಿಬಿಯವರೂ ಸೇರಬಹುದು, ಪಿಸಿಎಂನವರೂ ಸೇರಬಹುದು. ಡಿ.ಫಾರ್ಮ್ ಮತ್ತು ಬಿ.ಫಾರ್ಮ್ ಒಂದೇ ಅಂದುಕೊಳ್ಳಬೇಡಿ. ಡಿ.ಫಾರ್ಮ್ ಮೆಡಿಕಲ್ ಸ್ಟೋರ್‌ಗೆ ಸರಿ, ಕಾರ್ಖಾನೆಯಲ್ಲಿ ಮೇಲೆ ಹತ್ತಬೇಕು ಅಂದರೆ ಬಿ.ಫಾರ್ಮ್ ಬೇಕು.

ಕೆಮಿಕಲ್ ಎಂಜಿನಿಯರಿಂಗ್ ಓದಬೇಕು ಅಂದರೆ ಊರು ಬಿಡಬೇಕು. ತುಮಕೂರಿನ ಸಿದ್ಧಗಂಗಾ, ಬೆಂಗಳೂರಿನ ಆರ್‌ವಿ, ಬಿಎಂಎಸ್, ರಾಮಯ್ಯ, ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಇದೆ. ಕಂಪ್ಯೂಟರ್ ಸೈನ್ಸ್‌ನಷ್ಟು ನೂಕುನುಗ್ಗಲು ಇದಕ್ಕಿಲ್ಲ, ಸೀಟು ಕಡಿಮೆ ಇದ್ದರೂ ಒಂದು ಕೈ ನೋಡಬಹುದು. ಕಾರೆಕೆರೆಯ ಕೃಷಿ ಕಾಲೇಜನ್ನೂ ಸಿಇಟಿ ಆಪ್ಷನ್ ಹಾಕುವಾಗ ಮರೆಯಬೇಡಿ. ಹಾಸನದಲ್ಲೇ ಇದ್ದುಕೊಂಡು ಓದಬಹುದಾದ ಒಳ್ಳೆ ಜೀವವಿಜ್ಞಾನ ಅದು.

ಬಿಎಸ್ಸಿಯವರು. ಕೆಮಿಸ್ಟ್ರಿ ಇದ್ದರೆ ಕ್ಯೂಸಿ ಅಥವಾ ಪ್ರೊಡಕ್ಷನ್‌ಗೆ ಇವತ್ತೇ ಅರ್ಜಿ ಹಾಕಬಹುದು. ಮೈಕ್ರೋಬಯಾಲಜಿ ಇದ್ದರೆ ಮೈಕ್ರೋ ಲ್ಯಾಬ್, ಆಹಾರ ಮತ್ತು ನೀರಿನ ಟೆಸ್ಟಿಂಗ್ ಲ್ಯಾಬ್. ಬರೀ ಬಯೋಟೆಕ್ನಾಲಜಿ ಬಿಎಸ್ಸಿ ಇದ್ದವರಿಗೆ ಮಾತ್ರ ಒಂದು ಕಹಿ ಮಾತು: ಸಂಶೋಧನೆ ಕಡೆ ಹೋಗಬೇಕಿದ್ದರೆ ಇದು ಸಾಲದು, ಎಂಎಸ್ಸಿ ಬೇಕೇ ಬೇಕು. ಅದಕ್ಕೆ ಐಐಟಿ ಜ್ಯಾಮ್, ಗ್ಯಾಟ್-ಬಿ ಪರೀಕ್ಷೆಗಳನ್ನು ಎರಡನೇ ವರ್ಷದಿಂದಲೇ ನೋಡಲು ಶುರು ಮಾಡಿ. ಆಹಾರದ ಕಡೆ ಆಸಕ್ತಿ ಇದ್ದರೆ ಮೈಸೂರಿನ ಸಿಎಫ್‌ಟಿಆರ್‌ಐನ ಎಂಎಸ್ಸಿ ಫುಡ್ ಟೆಕ್ನಾಲಜಿಗೆ ಪ್ರಯತ್ನಿಸಿ. ಎಂಎಸ್ಸಿ ಮಾಡೋಕೆ ಆಗಲ್ಲ, ಮನೆಯಲ್ಲಿ ಕಷ್ಟ ಇದೆ ಅಂದರೆ ಪ್ರೊಡಕ್ಷನ್ ಅಥವಾ ಫರ್ಮೆಂಟೇಷನ್ ವಿಭಾಗದಲ್ಲಿ ಟ್ರೇನಿಯಾಗಿ ಸೇರಿ, ಎರಡು ವರ್ಷ ಕಲಿತು ಆಮೇಲೆ ನೋಡಿ. ಏನೂ ಕಳೆದುಕೊಳ್ಳುವುದಿಲ್ಲ.

ಹಂತ 4: ಕಾಲೇಜಿನಲ್ಲಿ ಇರುವಾಗಲೇ ಈ ಚಟ ಬಿಡಿ

ಈಗ ನಾನು ನಿಜವಾಗಿ ಹೇಳಬೇಕು ಅಂತಿದ್ದ ವಿಷಯ.

ಬಿಎಸ್ಸಿ ಪ್ರಾಕ್ಟಿಕಲ್‌ನಲ್ಲಿ ನಾವೆಲ್ಲ ಏನು ಮಾಡ್ತಿದ್ವಿ? ಬ್ಯೂರೆಟ್ ರೀಡಿಂಗ್ ಮೊದಲ ಸಲ 10.2, ಎರಡನೇ ಸಲ 10.6. ಮೂರನೇ ಸಲ ಮಾಡೋಕೆ ಬೇಜಾರು. ರೆಕಾರ್ಡ್‌ನಲ್ಲಿ ಮೂರಕ್ಕೆ ಮೂರೂ 10.2 ಅಂತ ಬರೆದು ಮಾರ್ಕ್ಸ್ ತೆಗೆದುಕೊಂಡು ಕ್ಯಾಂಟೀನ್‌ಗೆ ಹೋಗೋದು. ರೀಡಿಂಗ್ ಕುಕ್ ಮಾಡೋದು ಅಂತ ಅದಕ್ಕೆ ಹೆಸರು. ಕಾಲೇಜಿನಲ್ಲಿ ಇದರಿಂದ ಯಾರೂ ಫೇಲ್ ಆಗಿಲ್ಲ. ಔಷಧ ಕಾರ್ಖಾನೆಯಲ್ಲಿ ಇದೇ ಕೆಲಸ ಮಾಡಿದರೆ ಮನೆಗೆ ಕಳಿಸುತ್ತಾರೆ. ಅಮೆರಿಕದ ಎಫ್‌ಡಿಎಯಂಥ ಔಷಧ ನಿಯಂತ್ರಣ ಸಂಸ್ಥೆಯವರು ತಪಾಸಣೆಗೆ ಬಂದಾಗ ಮೊದಲು ಹುಡುಕುವುದೇ ಇಂಥದ್ದನ್ನು. ಒಬ್ಬ ಟ್ರೇನಿ ಕುಕ್ ಮಾಡಿದ ಒಂದು ರೀಡಿಂಗ್‌ನಿಂದ ಇಡೀ ಕಾರ್ಖಾನೆಯ ಮಾಲು ಹೊರದೇಶಕ್ಕೆ ಹೋಗದೆ ನಿಲ್ಲಬಹುದು.

ನಾನು ಸೇರಿದ ಎರಡನೇ ವಾರ. ಬ್ಯಾಲೆನ್ಸ್ ರೂಮಿನಲ್ಲಿ ಸ್ಯಾಂಪಲ್ ತೂಕ ಮಾಡಿದೆ, ಲಾಗ್ ಬುಕ್ ಇನ್ನೊಬ್ಬರ ಕೈಯಲ್ಲಿತ್ತು, ಮರೆತುಹೋಗುತ್ತದೆ ಅಂತ ಗ್ಲೌಸ್ ತೆಗೆದು ಅಂಗೈ ಮೇಲೆ ಪೆನ್ನಿನಲ್ಲಿ ಬರೆದುಕೊಂಡೆ. ನಮ್ಮ ಸೀನಿಯರ್ ನೋಡಿದರು. ಬೈಯಲಿಲ್ಲ. "ಕೈ ತೊಳೀಬೇಡ, ಹಾಗೇ ಬಾ" ಅಂತ ಕರೆದುಕೊಂಡು ಹೋಗಿ ಕ್ಯೂಎ ಮೇಡಂ ಮುಂದೆ ನಿಲ್ಲಿಸಿ, ನನ್ನ ಅಂಗೈಯನ್ನು ಒಂದು ದಾಖಲೆ ತೋರಿಸುವ ಹಾಗೆ ತೋರಿಸಿದರು. ಆ ಮಧ್ಯಾಹ್ನವೆಲ್ಲ ನಾನು ಯಾಕೆ ಹಾಗೆ ಮಾಡಿದೆ, ಮುಂದೆ ಹಾಗಾಗದಂತೆ ಏನು ಮಾಡಬೇಕು ಅಂತ ಫಾರ್ಮ್ ತುಂಬುತ್ತಾ ಕೂತಿದ್ದೆ. ಈ ಕೆಲಸದಲ್ಲಿ ಎಲ್ಲರ ಬಾಯಲ್ಲೂ ಇರುವ ಮಾತು ಒಂದೇ: ಬರೆದಿಲ್ಲ ಅಂದರೆ ಮಾಡಿಲ್ಲ ಅಂತ ಲೆಕ್ಕ. ಮಾಡಿದ ತಕ್ಷಣ, ಮಾಡಿದವರೇ, ಇರಬೇಕಾದ ಪುಸ್ತಕದಲ್ಲೇ, ಓದೋಕೆ ಬರುವ ಹಾಗೆ ಬರೆಯಬೇಕು. ತಪ್ಪಾದರೆ ವೈಟ್ನರ್ ಹಚ್ಚುವಂತಿಲ್ಲ, ಗೀಚುವಂತಿಲ್ಲ; ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿ ಬರೆದು, ಸಹಿ, ತಾರೀಖು, ಕಾರಣ.

ಹಾಗಾಗಿ ಈ ಸೆಮಿಸ್ಟರ್‌ನಿಂದಲೇ ಒಂದು ಕೆಲಸ ಮಾಡಿ. ಒಂದು ಗಟ್ಟಿ ಬೈಂಡಿಂಗ್ ನೋಟ್‌ಬುಕ್ ತೆಗೆದುಕೊಂಡು ಪುಟಕ್ಕೆ ನಂಬರ್ ಹಾಕಿ. ಪ್ರತಿ ಪ್ರಾಕ್ಟಿಕಲ್‌ನ ನಿಜವಾದ ರೀಡಿಂಗ್ ಅದರಲ್ಲಿ ಬರೆಯಿರಿ, ಕೆಟ್ಟದ್ದು ಬಂದರೆ ಕೆಟ್ಟದ್ದನ್ನೇ ಬರೆದು, ಯಾಕೆ ಬಂತು ಅಂತ ಒಂದು ಸಾಲು ಸೇರಿಸಿ. ಕಾಲೇಜಿನ ರೆಕಾರ್ಡ್ ಬೇರೆ, ಇದು ನಿಮ್ಮದು. ಇಂಟರ್‌ವ್ಯೂಗೆ ಈ ನೋಟ್‌ಬುಕ್ ತೆಗೆದುಕೊಂಡು ಹೋದ ಒಬ್ಬ ಹುಡುಗನನ್ನು ನಾನು ನೋಡಿದ್ದೇನೆ. ಇಂಟರ್‌ವ್ಯೂ ಮಾಡುತ್ತಿದ್ದವರು ಅವನ ಮಾರ್ಕ್ಸ್ ಕಾರ್ಡ್ ಪಕ್ಕಕ್ಕಿಟ್ಟು ಅದನ್ನೇ ತಿರುವುತ್ತಾ ಕೂತರು.

ಇದರ ಜೊತೆ ಕಲಿಯಬೇಕಾದ್ದು: ದ್ರಾವಣ ತಯಾರಿಸುವ ಲೆಕ್ಕ, ಎಕ್ಸೆಲ್, ಮತ್ತು ಓದಿ ಅರ್ಥ ಮಾಡಿಕೊಳ್ಳುವಷ್ಟು ಇಂಗ್ಲಿಷ್. ಕನ್ನಡ ಮೀಡಿಯಂನವರು ಇದಕ್ಕೆ ಹೆದರುತ್ತಾರೆ, ನಾನೂ ಹೆದರಿದ್ದೆ. ಕಾರ್ಖಾನೆ ಒಳಗೆ ಮಾತು ಕನ್ನಡ, ತೆಲುಗು, ಹಿಂದಿ ಎಲ್ಲಾ ನಡೆಯುತ್ತದೆ. ಆದರೆ ಎಸ್‌ಒಪಿ, ಅಂದರೆ ಕೆಲಸ ಹೀಗೇ ಮಾಡಬೇಕು ಅನ್ನುವ ಕಾಗದ, ಇಂಗ್ಲಿಷ್‌ನಲ್ಲಿರುತ್ತದೆ. ಒಂದೇ ತರದ ಸರಳ ವಾಕ್ಯಗಳು: ಇಷ್ಟು ತೂಗು, ಇಷ್ಟು ನೀರು ಹಾಕು, ಇಷ್ಟು ನಿಮಿಷ ಕಲಕು. ಎರಡು ತಿಂಗಳಲ್ಲಿ ರೂಢಿಯಾಗುತ್ತದೆ.

ಎಚ್‌ಪಿಎಲ್‌ಸಿ (ದ್ರಾವಣದಲ್ಲಿ ಏನೇನು ಎಷ್ಟಿದೆ ಅಂತ ಬೇರೆ ಮಾಡಿ ಅಳೆಯುವ ಯಂತ್ರ) ತರಬೇತಿ ಕೊಡುತ್ತೇವೆ ಅಂತ ಬೆಂಗಳೂರಿನಲ್ಲಿ ಬೇಕಾದಷ್ಟು ಸಂಸ್ಥೆಗಳಿವೆ. ದುಡ್ಡು ಕಟ್ಟುವ ಮೊದಲು ಒಂದೇ ಪ್ರಶ್ನೆ ಕೇಳಿ: "ನಾನು ಸ್ವಂತ ಕೈಯಿಂದ ಯಂತ್ರಕ್ಕೆ ಎಷ್ಟು ಸಲ ಸ್ಯಾಂಪಲ್ ಇಂಜೆಕ್ಷನ್ ಹಾಕ್ತೀನಿ, ಅದರಲ್ಲಿ ಹರಿಸುವ ದ್ರಾವಣ, ಅಂದ್ರೆ ಮೊಬೈಲ್ ಫೇಸ್, ನಾನೇ ತಯಾರಿಸ್ತೀನಾ?" ಉತ್ತರ ತಡವರಿಸಿದರೆ ಎದ್ದು ಬನ್ನಿ.

ಹಂತ 5: ಅಪ್ರೆಂಟಿಸ್ ಅನ್ನೋ ಹಿಂಬಾಗಿಲು

ಹಿಂಬಾಗಿಲು ಅಂದೆ, ಆದರೆ ಇದು ಕಾನೂನೇ ಕೊಟ್ಟ ಬಾಗಿಲು. 1961ರ ಅಪ್ರೆಂಟಿಸ್ ಕಾಯ್ದೆ ಪ್ರಕಾರ ಕಂಪನಿಗಳು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಬೇಕು. ಪದವಿ, ಡಿಪ್ಲೊಮಾದವರಿಗೆ ನ್ಯಾಟ್ಸ್ ಅನ್ನುವ ಸರ್ಕಾರಿ ಪೋರ್ಟಲ್, ಐಟಿಐಯವರಿಗೆ ಬೇರೆ ಪೋರ್ಟಲ್. ಒಂದು ವರ್ಷ ಸ್ಟೈಪೆಂಡ್ ಕೊಟ್ಟು ಕಲಿಸುತ್ತಾರೆ. ರಿಫೈನರಿಗಳು ಅಟೆಂಡೆಂಟ್ ಆಪರೇಟರ್ ಅಪ್ರೆಂಟಿಸ್‌ಗೆ ಭೌತಶಾಸ್ತ್ರ, ಗಣಿತ, ರಸಾಯನಶಾಸ್ತ್ರದ ಬಿಎಸ್ಸಿಯವರನ್ನೂ ಕರೆಯುತ್ತವೆ. ಪಿಸಿಎಂ ಬಿಎಸ್ಸಿ ಮಾಡಿ ಮನೆಯಲ್ಲಿ ಕೂತವರು ಇದನ್ನು ಓದುತ್ತಿದ್ದರೆ ಇವತ್ತೇ ಪ್ರೊಫೈಲ್ ಮಾಡಿ.

ಕೆಲವರು ನನಗೆ ಹೇಳಿದ್ದುಂಟು: "ಅಪ್ರೆಂಟಿಸ್ ಸೇರಿದ್ರೆ ಯುವನಿಧಿ ಕಟ್ಟಾಗುತ್ತೆ ಅಣ್ಣ." ಹೌದು, ಆಗುತ್ತೆ. ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ ಬರುವುದು ಹೆಚ್ಚೆಂದರೆ ಎರಡು ವರ್ಷ. ಕಾರ್ಖಾನೆಯಲ್ಲಿ ಒಂದು ವರ್ಷ ಕಲಿತದ್ದು ಅದಾದಮೇಲೂ ಜೊತೆಗಿರುತ್ತದೆ. ಕೆಲಸ ಹುಡುಕುವವರೆಗೆ ಯುವನಿಧಿ ತೆಗೆದುಕೊಳ್ಳಿ, ರೈಲು ಚಾರ್ಜಿಗಾಗುತ್ತದೆ. ಅದಕ್ಕೋಸ್ಕರ ಅಪ್ರೆಂಟಿಸ್ ಬಿಡಬೇಡಿ.

ಹಂತ 6: ಅರ್ಜಿ, ವಾಕ್-ಇನ್, ಮತ್ತು ದುಡ್ಡು ಕೇಳುವವರು

ರೆಸ್ಯೂಮ್ ಒಂದೇ ಪುಟ. ತಂದೆ ಹೆಸರು, ಧರ್ಮ, ಹವ್ಯಾಸ ಯಾರಿಗೂ ಬೇಡ. ಯಾವ ಉಪಕರಣ ಮುಟ್ಟಿದ್ದೀರಿ, ಪ್ರಾಜೆಕ್ಟ್‌ನಲ್ಲಿ ನೀವು ಏನು ಮಾಡಿದಿರಿ, ಅಷ್ಟೇ. ನೋಡಿದ್ದನ್ನು "ಬಳಸಿದ್ದೇನೆ" ಅಂತ ಬರೆಯಬೇಡಿ. ಇದೂ ಒಂದು ತರದ ರೀಡಿಂಗ್ ಕುಕ್ ಮಾಡೋದೇ, ಎರಡನೇ ಪ್ರಶ್ನೆಗೇ ಸಿಕ್ಕಿಬೀಳುತ್ತೀರಿ.

ಫಾರ್ಮಾ ಕಂಪನಿಗಳು ಶನಿವಾರ, ಭಾನುವಾರ ವಾಕ್-ಇನ್ ಇಡುತ್ತವೆ. ವಾಟ್ಸ್ಆ್ಯಪ್, ಟೆಲಿಗ್ರಾಂ ಗುಂಪುಗಳಲ್ಲಿ ಪೋಸ್ಟರ್ ಓಡಾಡುತ್ತಿರುತ್ತದೆ. ಹೊರಡುವ ಮೊದಲು ಕಂಪನಿಯ ಸ್ವಂತ ವೆಬ್‌ಸೈಟ್‌ನಲ್ಲಿ ಅದೇ ಸುದ್ದಿ ಇದೆಯಾ ನೋಡಿ. ಎಚ್‌ಆರ್ ಇಮೇಲ್ ಕಂಪನಿಯ ಹೆಸರಿನಲ್ಲಿ ಇಲ್ಲದೆ ಜಿಮೇಲ್‌ನಲ್ಲಿ ಇದ್ದರೆ ಅನುಮಾನಪಡಿ. ರಿಜಿಸ್ಟ್ರೇಷನ್ ಫೀಸು, ಯೂನಿಫಾರ್ಮ್ ಫೀಸು, ಮೆಡಿಕಲ್ ಫೀಸು ಅಂತ ಯಾರಾದರೂ ಒಂದು ರೂಪಾಯಿ ಕೇಳಿದರೂ ಅದು ಮೋಸ ಅಂತಲೇ ತಿಳಿಯಿರಿ. ನನ್ನ ಸ್ನೇಹಿತನೊಬ್ಬ ಹೀಗೇ ಒಬ್ಬ ಏಜೆಂಟ್‌ಗೆ ದುಡ್ಡು ಕೊಟ್ಟು, ಹೇಳಿದ ಅಡ್ರೆಸ್ ಹುಡುಕಿಕೊಂಡು ಪೀಣ್ಯದಲ್ಲಿ ಬಿಸಿಲಲ್ಲಿ ಅಲೆದು ಬಂದ. ಅಲ್ಲಿದ್ದದ್ದು ಒಂದು ಟೈರ್ ಪಂಕ್ಚರ್ ಅಂಗಡಿ.

ಜೊತೆಗೆ ಎಲ್ಲಾ ಸೆಮಿಸ್ಟರ್ ಮಾರ್ಕ್ಸ್ ಕಾರ್ಡ್ ಜೆರಾಕ್ಸ್, ಆಧಾರ್, ಪ್ಯಾನ್, ಫೋಟೋ ಇರಲಿ. ಒರಿಜಿನಲ್ ತೋರಿಸಿ, ಕೊಡಬೇಡಿ.

ಸಣ್ಣ ಟೆಸ್ಟಿಂಗ್ ಲ್ಯಾಬ್‌ಗಳನ್ನು ಕೀಳಾಗಿ ನೋಡಬೇಡಿ. ನೀರು, ಆಹಾರ, ಮಣ್ಣು ಟೆಸ್ಟ್ ಮಾಡುವ, ಎನ್‌ಎಬಿಎಲ್ ಮಾನ್ಯತೆ ಇರುವ ಲ್ಯಾಬ್‌ನಲ್ಲಿ ಒಂದು ವರ್ಷ ಕೆಲಸ ಮಾಡಿದರೆ ದೊಡ್ಡ ಕಂಪನಿಯಲ್ಲಿ ಮೂರು ವರ್ಷಕ್ಕೆ ಸಿಗುವಷ್ಟು ಬಗೆಬಗೆಯ ಟೆಸ್ಟ್ ಕೈಗೆ ಬರುತ್ತವೆ. ಅಲ್ಲಿ ಜನ ಕಡಿಮೆ, ಎಲ್ಲಾ ನೀವೇ ಮಾಡಬೇಕಾಗುತ್ತದೆ.

ಹಂತ 7: ಇಂಟರ್‌ವ್ಯೂನಲ್ಲಿ ಏನು ಕೇಳುತ್ತಾರೆ

ನನ್ನ ಮೊದಲ ಇಂಟರ್‌ವ್ಯೂ. "ನಾರ್ಮಾಲಿಟಿ ಅಂದ್ರೇನು?" ಪಟಪಟ ಅಂತ ಹೇಳಿದೆ. "ಸರಿ, ಒಂದು ಲೀಟರ್ 0.1 ನಾರ್ಮಲ್ ಹೈಡ್ರೋಕ್ಲೋರಿಕ್ ಆಸಿಡ್ ಮಾಡಿಕೊಡು, ಬಾಟಲ್ ಅಲ್ಲಿದೆ ಅಂತ ತಿಳ್ಕೋ." ಸುಮ್ನೆ ಕೂತೆ. ಮೂರು ವರ್ಷ ಲ್ಯಾಬ್ ಅಟೆಂಡರ್ ಮಾಡಿಟ್ಟದ್ದನ್ನು ಬ್ಯೂರೆಟ್‌ಗೆ ಸುರಿದಿದ್ದೆ ಅಷ್ಟೇ, ನಾನೇ ಮಾಡಿರಲಿಲ್ಲ. ಕೆಲಸ ಸಿಗಲಿಲ್ಲ, ಸಿಗಬಾರದಿತ್ತು ಕೂಡ.

ಉತ್ತರ ಹೀಗೆ. ಬಾಟಲಿಯ ಆಸಿಡ್ ಸುಮಾರು 37 ಶೇಕಡಾ ಇರುತ್ತದೆ, ಅಂದರೆ ಹತ್ತಿರ ಹತ್ತಿರ 12 ನಾರ್ಮಲ್. ಹಾಗಾಗಿ ಸುಮಾರು 8.5 ಮಿಲೀ ಸಾಕು. ಮೊದಲು ಫ್ಲಾಸ್ಕ್‌ಗೆ ನೀರು, ಆಮೇಲೆ ಆಸಿಡ್, ಯಾವತ್ತೂ ಉಲ್ಟಾ ಅಲ್ಲ. ಲೀಟರ್ ಗೆರೆವರೆಗೆ ನೀರು ತುಂಬಿಸಿ. ಇಷ್ಟಕ್ಕೇ ಮುಗಿಯಲಿಲ್ಲ, ಒಣಗಿಸಿದ ಸೋಡಿಯಂ ಕಾರ್ಬೊನೇಟ್‌ನಿಂದ ಟೈಟ್ರೇಟ್ ಮಾಡಿ ನಿಜವಾದ ಶಕ್ತಿ ಎಷ್ಟು ಅಂತ ಕಂಡುಹಿಡಿಯಬೇಕು, ಬಾಟಲಿಗೆ ಹೆಸರು, ಶಕ್ತಿ, ತಯಾರಿಸಿದ ದಿನ, ಅವಧಿ ಮುಗಿಯುವ ದಿನ, ಸಹಿ ಇರುವ ಚೀಟಿ ಅಂಟಿಸಬೇಕು. ಚೀಟಿಯ ವಿಷಯ ನೀವಾಗಿಯೇ ಹೇಳಿದರೆ ಎದುರಿಗೆ ಕೂತವರ ಮುಖ ಅರಳುತ್ತದೆ.

ಇದೇ ತರ 1000 ಪಿಪಿಎಂನಿಂದ 10 ಪಿಪಿಎಂ ಮಾಡು ಅಂತಾರೆ: 1 ಮಿಲೀ ತೆಗೆದು 100 ಮಿಲೀಗೆ. ಪಿಎಚ್ ಮೀಟರ್ ಬಳಸುವ ಮೊದಲು ಏನು ಮಾಡ್ತೀಯ ಅಂತಾರೆ: ಗೊತ್ತಿರುವ ಬಫರ್‌ಗಳಿಂದ ಸರಿ ತೋರಿಸುತ್ತಿದೆಯಾ ನೋಡೋದು. ಎಚ್‌ಪಿಎಲ್‌ಸಿ ಬಗ್ಗೆ ಬಾಯಿ ಬಿಟ್ಟರೆ ಸಿ-18 ಕಾಲಂ, ಮೊಬೈಲ್ ಫೇಸ್ ಯಾಕೆ ಸೋಸಬೇಕು, ಗಾಳಿಗುಳ್ಳೆ ಯಾಕೆ ತೆಗೆಯಬೇಕು ಅಂತ ಬರುತ್ತದೆ. ಮೈಕ್ರೋಬಯಾಲಜಿಯವರಿಗೆ ಆಟೋಕ್ಲೇವ್ ಖಚಿತ: 121 ಡಿಗ್ರಿ, 15 ಪೌಂಡ್ ಒತ್ತಡ, 15 ನಿಮಿಷ. ಇಷ್ಟು ಎಲ್ಲರೂ ಹೇಳುತ್ತಾರೆ. "ಒಳಗೆ ನಿಜವಾಗಿ ಕ್ರಿಮಿ ಸತ್ತಿದೆ ಅಂತ ಹೇಗೆ ಗೊತ್ತಾಗುತ್ತೆ?" ಅಂತ ಮುಂದಿನ ಪ್ರಶ್ನೆ ಬರುತ್ತದೆ, ಅದಕ್ಕೆ ಬಯಾಲಜಿಕಲ್ ಇಂಡಿಕೇಟರ್ ಬಗ್ಗೆ ಓದಿಕೊಂಡು ಹೋಗಿ.

ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅನ್ನಿ. ರೀಡಿಂಗ್ ಸರಿ ಬರದಿದ್ದರೆ ಏನು ಮಾಡ್ತೀಯ ಅಂತ ಕೇಳಿಯೇ ಕೇಳುತ್ತಾರೆ. "ಮತ್ತೆ ಮಾಡ್ತೀನಿ ಸರ್" ಅನ್ನೋದು ಕಾಲೇಜಿನ ಉತ್ತರ. ಬಂದದ್ದನ್ನು ಬಂದ ಹಾಗೆ ಬರೆದು, ಸ್ಯಾಂಪಲ್ ಚೆಲ್ಲದೆ ಇಟ್ಟುಕೊಂಡು, ಮೇಲಿನವರಿಗೆ ಹೇಳ್ತೀನಿ ಅನ್ನೋದು ಕಾರ್ಖಾನೆಯ ಉತ್ತರ.

ಹಂತ 8: ಆಫರ್ ಲೆಟರ್ ಓದೋದು

ಸಿಟಿಸಿ, ಅಂದರೆ ನಿಮ್ಮ ಮೇಲೆ ಕಂಪನಿ ಮಾಡುವ ಒಟ್ಟು ಖರ್ಚು, ಅಂತ ದೊಡ್ಡ ಅಂಕಿ ಇರುತ್ತದೆ, ಕೈಗೆ ಬರುವುದು ಬೇರೆ. ಕಂಪನಿ ಕಟ್ಟುವ ಪಿಎಫ್ ಪಾಲನ್ನೂ ಅದರಲ್ಲೇ ಸೇರಿಸಿರುತ್ತಾರೆ, ನಿಮ್ಮ ಪಾಲು 12 ಶೇಕಡಾ ಬೇರೆ ಮುರಿಯುತ್ತದೆ. "ಕೈಗೆ ಎಷ್ಟು ಬರುತ್ತೆ ಸರ್?" ಅಂತ ನೇರವಾಗಿ ಕೇಳಿ, ನಾಚಿಕೆ ಬೇಡ. ತಿಂಗಳ ಸಂಬಳ 21,000ದ ಒಳಗಿದ್ದರೆ ಇಎಸ್‌ಐ (ನೌಕರರ ಸರ್ಕಾರಿ ವಿಮೆ) ಬರುತ್ತದೆ, ಅಪ್ಪ ಅಮ್ಮ ನಿಮ್ಮನ್ನೇ ನಂಬಿಕೊಂಡಿದ್ದರೆ ಅವರ ಚಿಕಿತ್ಸೆಗೂ ಆಗುತ್ತದೆ.

ಕಂಪನಿಯ ಸ್ವಂತ ರೋಲ್‌ನಲ್ಲೋ, ಕಾಂಟ್ರಾಕ್ಟರ್ ಮೂಲಕವೋ ಕೇಳಿ. ಮೊದಲ ಕೆಲಸ ಕಾಂಟ್ರಾಕ್ಟ್ ಆದರೂ ತಪ್ಪೇನಿಲ್ಲ, ಪಿಎಫ್ ಕಟ್ಟುತ್ತಿದ್ದಾರೆ ಅಂತ ಪ್ರತಿ ತಿಂಗಳು ಮೊಬೈಲ್‌ನಲ್ಲಿ ನೋಡಿಕೊಳ್ಳಿ. ಬಾಂಡ್ ಇದ್ದರೆ ಎಷ್ಟು ತಿಂಗಳು, ಬಿಟ್ಟರೆ ಎಷ್ಟು ಕಟ್ಟಬೇಕು ಅಂತ ಓದಿ ಸಹಿ ಮಾಡಿ. ಹೆಣ್ಣುಮಕ್ಕಳು ರಾತ್ರಿ ಶಿಫ್ಟ್ ಇದೆಯಾ, ಇದ್ದರೆ ಮನೆವರೆಗೆ ಗಾಡಿ ಇದೆಯಾ ಕೇಳಿ. ನಿಮ್ಮ ಒಪ್ಪಿಗೆ ಇಲ್ಲದೆ ರಾತ್ರಿ ಹಾಕುವಂತಿಲ್ಲ.

ಹಂತ 9: ಮೊದಲ ವರ್ಷ

ಮೊದಲನೆಯದು ಜೀವ. ಪ್ರತಿ ರಾಸಾಯನಿಕಕ್ಕೂ ಎಸ್‌ಡಿಎಸ್ ಅಂತ 16 ಭಾಗದ ಸುರಕ್ಷತಾ ಕಾಗದ ಇರುತ್ತದೆ. ಪೂರ್ತಿ ಓದದಿದ್ದರೂ ಅಪಾಯ, ಪ್ರಥಮ ಚಿಕಿತ್ಸೆ, ಬೆಂಕಿ, ಚೆಲ್ಲಿದರೆ ಏನು, ಈ ನಾಲ್ಕು ಓದಿ. ಕಣ್ಣಿಗೆ ಹಾರಿದರೆ 15 ನಿಮಿಷ ನೀರು, "ಏನಾಗಲ್ಲ ಬಿಡು" ಅಲ್ಲ. ಸಾಲ್ವೆಂಟ್ ಸುರಿಯುವ ಡ್ರಮ್‌ಗೆ ಅರ್ತಿಂಗ್ ಕ್ಲಿಪ್ ಹಾಕದೆ ಸುರಿದರೆ ಒಂದು ಕಿಡಿ ಸಾಕು. ಎಲ್ಲಕ್ಕಿಂತ ಮೋಸದ್ದು ನೈಟ್ರೋಜನ್. ವಾಸನೆ ಇಲ್ಲ, ಬಣ್ಣ ಇಲ್ಲ, ನಾವು ಉಸಿರಾಡುವ ಗಾಳಿಯಲ್ಲೇ ಮುಕ್ಕಾಲು ಪಾಲು ಅದೇ. ಆದರೆ ಅದು ತುಂಬಿದ ಟ್ಯಾಂಕ್ ಒಳಗೆ ತಲೆ ಹಾಕಿದವನಿಗೆ ಉಸಿರು ಕಟ್ಟುತ್ತಿದೆ ಅಂತಲೂ ಗೊತ್ತಾಗುವುದಿಲ್ಲ, ಕುಸಿದು ಬೀಳುತ್ತಾನೆ. ಅವನನ್ನು ಎತ್ತಲು ಹೋದವನೂ ಬೀಳುತ್ತಾನೆ. ಪರ್ಮಿಟ್ ಇಲ್ಲದೆ ಟ್ಯಾಂಕ್ ಒಳಗೆ ಇಳಿ ಅಂದರೆ, ಹೇಳಿದವರು ಯಾರೇ ಆಗಲಿ, ಇಳಿಯಬೇಡಿ. ಆ ಕೆಲಸ ಹೋದರೆ ಹೋಗಲಿ.

ಆಮೇಲೆ ನಿದ್ದೆ. ಸಿ ಶಿಫ್ಟ್ ರಾತ್ರಿ ಹತ್ತರಿಂದ ಬೆಳಗ್ಗೆ ಆರು. ಮೊದಲ ತಿಂಗಳು ಹಗಲು ನಿದ್ದೆ ಬರುವುದಿಲ್ಲ, ಕಿಟಕಿಗೆ ದಪ್ಪ ಬಟ್ಟೆ ಕಟ್ಟಿ. ನಾಲ್ಕು ಗಂಟೆ ಹೊತ್ತಿಗೆ ಕಣ್ಣು ಎಳೆಯುತ್ತದೆ, ಅಂಕಿ ತಪ್ಪಾಗಿ ಬರೆಯುವುದು ಆಗಲೇ. ಆ ಹೊತ್ತಿನಲ್ಲಿ ನಾನು ಪ್ರತಿ ಅಂಕಿಯನ್ನೂ ಬಾಯಲ್ಲಿ ಹೇಳಿಕೊಂಡು ಬರೆಯುತ್ತಿದ್ದೆ, ಪಕ್ಕದವರು ನಗುತ್ತಿದ್ದರು.

ಇನ್ನೊಂದು, ಸೇರಿದ ದಿನದಿಂದಲೇ ಲೆಕ್ಕ ಇಡಬೇಕಾದ್ದು: ಅಪ್ರೂವಲ್. ಔಷಧ ತಯಾರಿಕೆಗೆ ಜವಾಬ್ದಾರರಾಗಿ ಸಹಿ ಹಾಕಬೇಕಾದರೆ ಡ್ರಗ್ಸ್ ಕಂಟ್ರೋಲ್ ಇಲಾಖೆ ಒಪ್ಪಿದ ವ್ಯಕ್ತಿಯಾಗಿರಬೇಕು. ಔಷಧ ನಿಯಮಗಳ ಪ್ರಕಾರ ಬಿ.ಫಾರ್ಮ್ ಆದವರಿಗೆ ಪದವಿ ನಂತರ 18 ತಿಂಗಳ ಅನುಭವ ಸಾಕು, ಕೆಮಿಸ್ಟ್ರಿ ಅಥವಾ ಮೈಕ್ರೋಬಯಾಲಜಿ ಮುಖ್ಯ ವಿಷಯವಾಗಿದ್ದ ಬಿಎಸ್ಸಿಯವರಿಗೆ 3 ವರ್ಷ ಬೇಕು. ಅಪ್ರೂವ್ಡ್ ಕೆಮಿಸ್ಟ್ ಆದವರ ಸಂಬಳವೇ ಬೇರೆ, ಕಂಪನಿಗಳೇ ಹುಡುಕಿಕೊಂಡು ಬರುತ್ತವೆ.

ಇಲ್ಲೇ ಬಹಳ ಜನ ಎಡವುವುದು. ಕಂಪನಿ ಬಿಡುವಾಗ ಕೊಡುವ ಅನುಭವದ ಪತ್ರದಲ್ಲಿ ಬರೀ "ಟ್ರೇನಿಯಾಗಿ ಕೆಲಸ ಮಾಡಿದ್ದಾರೆ" ಅಂತ ಇರುತ್ತದೆ. ಯಾವ ವಿಭಾಗ, ಮಾತ್ರೆಯೋ ಇಂಜೆಕ್ಷನ್ನೋ ಬಲ್ಕ್ ಡ್ರಗ್ಗೋ, ಯಾವ ತಾರೀಖಿನಿಂದ ಯಾವ ತಾರೀಖಿಗೆ, ಒಂದೂ ಇರುವುದಿಲ್ಲ. ಮೂರು ವರ್ಷ ಆದಮೇಲೆ ಅಪ್ರೂವಲ್‌ಗೆ ಹೋದಾಗ ಆ ಪತ್ರ ಕೆಲಸಕ್ಕೆ ಬರುವುದಿಲ್ಲ, ಅಷ್ಟರಲ್ಲಿ ಹಳೇ ಎಚ್‌ಆರ್ ಕೂಡ ಬೇರೆ ಕಂಪನಿಗೆ ಹೋಗಿರುತ್ತಾರೆ. ಬಿಡುವ ದಿನ ಬಸ್ಸಿಗೆ ತಡವಾದರೂ ಪರವಾಗಿಲ್ಲ, ಅಷ್ಟೂ ಬರೆಸಿಕೊಂಡು, ಸೀಲ್ ಹಾಕಿಸಿಕೊಂಡು, ಅಲ್ಲೇ ನಿಂತು ತಾರೀಖು ಸರಿ ಇದೆಯಾ ಅಂತ ಓದಿಕೊಂಡೇ ಗೇಟ್ ದಾಟಿ.